ಏಳು ಕಿಟಕಿಗಳ ಎದುರಿನ ಬಿದಿರು

ಮಾರ್ಚ್ ೩, ಮಂಗಳವಾರ

ಹಾಸ್ಟೆಲಿನಲ್ಲಿ ದಿನಚರಿ ಬರೆಯುವುದು ಕಂಪಲ್ಸರಿ. ಪ್ರತಿ ಶನಿವಾರ ವಾರ್ಡನ್ ಓದಿ ಸಹಿ ಹಾಕುತ್ತಿದ್ದರು. ಹಾಗಾಗಿ ಎಂಟು ವರ್ಷ ನಾನು ಒಂದೇ ಒಂದು ನಿಜ ಬರೆದಿಲ್ಲ. ‘ಇಂದು ಬೇಗ ಎದ್ದೆ. ಸಂತೋಷವಾಯಿತು.’ ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದ್ದರಿಂದ ನಿಜ ಬರೆಯುತ್ತೇನೆ: ನನಗೆ ತುಂಬಾ ಭಯವಾಗುತ್ತಿದೆ.

ಅಮ್ಮನಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಮೂವತ್ಮೂರು ದಿನ. ಮಾತು ಉಳಿದಿದೆ, ಎಡಗೈ ಎಡಗಾಲು ಹೋಗಿವೆ. ಮನೆಗೆ ಬರುವ ಫಿಸಿಯೋ ಪ್ರತಿ ವ್ಯಾಯಾಮಕ್ಕೂ “ಇನ್ನೊಂದ್ಸಲ, ಇನ್ನೊಂದ್ಸಲ” ಅನ್ನುವುದರಿಂದ ಅವರ ಹೆಸರೇ ಇನ್ನೊಂದ್ಸಲ ಸರ್ ಆಗಿದೆ. ಇವತ್ತು ಅವರು ನನ್ನನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದರು. “ನೋಡಮ್ಮ, ಮೊದಲ ಆರು ತಿಂಗಳಲ್ಲಿ ಎಷ್ಟು ಬರತ್ತೋ ಅಷ್ಟು ಬರತ್ತೆ. ಆಮೇಲೆ ಬರೋದೆಲ್ಲ ಚೂರುಪಾರು. ಹಾಲ್‌ನಲ್ಲಿ ಸೋಫಾ ಸುತ್ತಿದ್ರೆ ಸಾಲದು. ಮಣ್ಣಿನ ನೆಲ ಬೇಕು, ಏರುಪೇರು ಬೇಕು, ಉದ್ದಕ್ಕೆ ನಡೀಬೇಕು. ಹಿಂದೆ ಅಷ್ಟು ದೊಡ್ಡ ಹಿತ್ತಿಲು ಇದೆಯಲ್ಲ?”

ಹಿತ್ತಿಲೇನೋ ಇದೆ. ಆದರೆ ಅದರ ಗೋಡೆಯಾಚೆ ಹೊಲಿಗೆ ಕಾರ್ಖಾನೆ ಇದೆ. ಮೊದಲು ಅದು ಬರೀ ಗೋಡೌನ್ ಆಗಿತ್ತಂತೆ. ಡಿಸೆಂಬರಿನಲ್ಲಿ ಮೇಲಿನ ಅಂತಸ್ತಿಗೆ ಏಳು ಕಿಟಕಿ ಒಡೆದು ಮೆಷಿನ್ ಹಾಕಿದರು. ಮೂವತ್ತು ಹೆಂಗಸರು ನಮ್ಮ ಹಿತ್ತಿಲಿಗೆ ಮುಖ ಮಾಡಿ ಕೂರುತ್ತಾರೆ.

ಅಮ್ಮ ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಿ.ಟಿ. ಟೀಚರ್. ಆ ಮೂವತ್ತರಲ್ಲಿ ಅರ್ಧ ಜನ ಅಮ್ಮನ ವಿಸಲ್‌ಗೆ ಎಡ-ಬಲ ಹಾಕಿದವರು. ಹೊರಗೆ ಹೋಗೋಣ ಬನ್ನಿ ಅಂದರೆ ಅಮ್ಮ ಗೋಡೆಯ ಕಡೆ ತಿರುಗಿಕೊಂಡರು. “ಆ ಹುಡುಗೀರನ್ನ ನೆಟ್ಟಗೆ ನಡಿಸಿದೋಳು ನಾನು. ನಾನು ಕಾಲೆಳ್ಕೊಂಡು ಹೋಗೋದನ್ನ ಅವರು ಮೇಲಿಂದ ನೋಡ್ಬೇಕಾ? ಈ ಜನ್ಮಕ್ಕೆ ಆಗಲ್ಲ.”

ಆರು ತಿಂಗಳು ಅಂದರೆ ಜುಲೈ ೨೯. ಕ್ಯಾಲೆಂಡರಿನಲ್ಲಿ ಅದಕ್ಕೊಂದು ಸುತ್ತು ಹಾಕಿದ್ದೇನೆ. ಸುತ್ತು ಹಾಕಿದ ಮೇಲೆ ಇನ್ನೂ ಭಯ. ಏನಾದರೂ ಮಾಡಲೇಬೇಕು, ಬೇಗ, ಯಾಕೆಂದರೆ

(ಅಮ್ಮನ ವಿಸಲ್. ಹೋಗಿ ಬಂದೆ. ಏನು ಬರೆಯುತ್ತಿದ್ದೆನೋ ಮರೆತುಹೋಯಿತು.)


ಮಾರ್ಚ್ ೮, ಭಾನುವಾರ

ಅಮ್ಮ ಕೂಗಲಾರರು. ಗಂಟಲು ಬೇಗ ಸೋಲುತ್ತದೆ. ಹಾಗಾಗಿ ಹಳೇ ವಿಸಲ್ ಕೊರಳಲ್ಲೇ ಇದೆ. ಒಂದು ಸಲ ಊದಿದರೆ ನೀರು, ಎರಡು ಸಲ ಬಾತ್‌ರೂಮ್. ಮೂರು ಸಲ ಅಂದರೆ ಯಾರಾದರೂ ಓಡಿ ಬನ್ನಿ. ಅತ್ತೆ, ಅಂದರೆ ಅಪ್ಪನ ಅಕ್ಕ, ಈಗ ಅಡುಗೆ ನೋಡಿಕೊಳ್ಳಲು ಬಂದಿದ್ದಾರೆ. “ಮನೆನಾ ಇದು, ಬಸ್ ಸ್ಟ್ಯಾಂಡಾ?” ಅನ್ನುತ್ತಾರೆ. ನನಗೇನೂ ಕಷ್ಟವಿಲ್ಲ. ಎಂಟು ವರ್ಷ ಬೆಲ್‌ಗೆ ಎದ್ದು ಬೆಲ್‌ಗೆ ಮಲಗಿದವಳು. ವಿಸಲ್ ಅರ್ಧ ಆಗುವುದರೊಳಗೆ ನಾನು ಬಾಗಿಲಲ್ಲಿರುತ್ತೇನೆ.

ಇವತ್ತು ಗೋಡೆಯುದ್ದಕ್ಕೂ ಗಿಡಗಳ ನೆರಳಿಗೆ ಹಾಕುವ ಹಸಿರು ಬಲೆ ಕಟ್ಟಿದೆ. ಗೋಡೆ ಎತ್ತರಿಸಲು ಕಾರ್ಖಾನೆಯ ಓನರ್ ಒಪ್ಪಿಲ್ಲ, ಗೋಡೆ ಅವರದು. ಬಲೆ ಕಟ್ಟಿ ಮುಗಿಸಿ ಅಡುಗೆಮನೆ ಕಿಟಕಿಯಿಂದ ಅಮ್ಮನಿಗೆ ತೋರಿಸಿದೆ. “ನೋಡಿ ಅಮ್ಮ, ಈಗ ಬರ್ತೀರಾ?”

ಅಮ್ಮ ತುಂಬಾ ಹೊತ್ತು ನೋಡಿದರು. “ಆಸ್ಪತ್ರೇಲಿ ಬೆಡ್ ಸುತ್ತ ಎಳೀತಾರಲ್ಲ, ಹಾಗಿದೆ. ತೆಗಿ.”

ತೆಗೆಯುವ ಕಷ್ಟ ಬರಲಿಲ್ಲ. ಸಂಜೆಯ ಗಾಳಿಗೆ ಅದೇ ಕಿತ್ತುಕೊಂಡು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತಿತು.

ಅತ್ತೆ: “ಹಾಸ್ಟೆಲ್ ರಾಣಿ ಮಾಡಿದ ಕೆಲಸ. ಹೆತ್ತೋಳಿಗೆ ನೀವು ತಾವು ಅನ್ನೋದೊಂದು ಬರತ್ತೆ, ಒಂದು ಗಂಟು ಹಾಕೋಕೆ ಬರಲ್ಲ.”


ಮಾರ್ಚ್ ೧೨, ಗುರುವಾರ

ಕಾಲೇಜಿಗೆ ಅಂತ ಹೊರಟು ನರ್ಸರಿಗೆ ಹೋದೆ. ಬಿದಿರು ಅಂತ ನನಗೆ ಹೊಳೆದದ್ದು ಬಸ್ಸಿನಲ್ಲಿ, ಒಂದು ಹೋಟೆಲಿನ ಕಾಂಪೌಂಡ್ ನೋಡಿ. ಅದರ ಹಿಂದೆ ಹೋಟೆಲು ಇದೆ ಅಂತಲೇ ಗೊತ್ತಾಗುವುದಿಲ್ಲ, ಅಷ್ಟು ದಟ್ಟ.

ನರ್ಸರಿ ನಡೆಸುವುದು ಒಬ್ಬ ಗಟ್ಟಿ ಹೆಂಗಸು. ಎಲ್ಲರೂ ನರ್ಸರಿಯಮ್ಮ ಅನ್ನುತ್ತಾರೆ. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪ್ರಶ್ನೆಗಳನ್ನೆಲ್ಲ ಒಂದೇ ಉಸಿರಿಗೆ ಕೇಳಿದೆ.

“ನಿಧಾನ ನಿಧಾನ, ವೈವಾನಾ ಇದು? ಬಿದಿರಲ್ಲಿ ಎರಡು ಜಾತಿ. ಓಡೋದು ಒಂದು. ಇವತ್ತು ನಿಮ್ಮ ಹಿತ್ತಿಲಲ್ಲಿ ನೆಟ್ರೆ ಬೇರು ನೆಲದೊಳಗೇ ಹರಿದು, ನಾಳೆ ಪಕ್ಕದ ಮನೆ ಬಚ್ಚಲಲ್ಲಿ ಎದ್ದಿರತ್ತೆ. ಅದು ಬೇಡ. ಇದು ಗುಂಪು ಕಟ್ಟೋ ಜಾತಿ. ಕೂತ ಜಾಗದಲ್ಲೇ ಮೆಳೆ ಆಗತ್ತೆ, ಯಾರ ತಂಟೆಗೂ ಹೋಗಲ್ಲ. ಮೂರು ಮೂರಡಿಗೆ ಒಂದು ಹಾಕು.”

“ಹನ್ನೆರಡಡಿ ಎತ್ತರಕ್ಕೆ ಎಷ್ಟು ದಿನ ಬೇಕು?”

“ದಿನಾನಾ?” ನಕ್ಕರು. “ಬಿದಿರು ಮೊದಲು ಬೇರಿಗೆ ಬಡಿಸತ್ತೆ, ಆಮೇಲೆ ತಲೆಗೆ. ಮಳೆ ಬಂದ ಮೇಲೆ ಬುಡದಿಂದ ಎಳೇ ಕಳಲೆ ಏಳತ್ತೆ. ಎದ್ದ ಮೇಲೆ ಮಾತ್ರ ನೀನು ನೋಡ್ತಾ ನೋಡ್ತಾ ಬೆಳೆಯತ್ತೆ.”

“ಜುಲೈ ಇಪ್ಪತ್ತೊಂಬತ್ತರೊಳಗೆ ಆಗತ್ತಾ?”

ಅವರು ನನ್ನ ಮುಖ ನೋಡಿದರು. ಮತ್ತೆ ನಗಲಿಲ್ಲ. “ಆಗಬಹುದಮ್ಮ,” ಅಂದರು.

ಒಂಬತ್ತು ಗಿಡ ಹೇಳಿ ಬಂದೆ.


ಮಾರ್ಚ್ ೧೫, ಭಾನುವಾರ

ಅಪ್ಪ ಮತ್ತು ನಾನು ನೆಟ್ಟೆವು. ಅಪ್ಪ ಲಿಫ್ಟ್ ರಿಪೇರಿಯವರು. ಮಾತು ಕಡಿಮೆ, ಅಳತೆ ಜಾಸ್ತಿ. ದಾರ ಕಟ್ಟಿ, ಗೋಡೆಯಿಂದ ಎರಡೂವರೆ ಅಡಿ ಬಿಟ್ಟು, ಒಂಬತ್ತು ಗುಂಡಿ ತೋಡಿದರು. ನಾಲ್ಕು, ಐದು, ಆರನೆಯದು ಸರಿಯಾಗಿ ನಡುವಿನ ಮೂರು ಕಿಟಕಿಗಳ ಎದುರಿಗೆ.

ನೀರು ಹಾಕಿ ಮುಗಿಸಿದ ಮೇಲೆ ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಅಪ್ಪ ಕೈ ತೊಳೆಯುತ್ತಾ ಅಂದರು, “ಲಿಫ್ಟೂ ಅಷ್ಟೇ ಮಗಾ. ಬಟನ್ ಹತ್ತು ಸಲ ಒತ್ತಿದ್ರೆ ಬೇಗ ಬರಲ್ಲ.”

ಗಿಡಗಳು ನನ್ನ ಭುಜದವರೆಗೆ ಬರುತ್ತವೆ. ಕಿಟಕಿಗಳು ಆಕಾಶದಲ್ಲಿವೆ.


ಏಪ್ರಿಲ್ ೨, ಗುರುವಾರ

ಎಲೆ ಉದುರುತ್ತಿದೆ. ಎಂಟನೆಯದು ಪೂರ್ತಿ ಹಳದಿ. ದಿನಕ್ಕೆ ಎರಡು ಸಲ ನೀರು. ಜಾಸ್ತಿಯಾಯಿತೋ ಕಡಿಮೆಯಾಯಿತೋ ಗೊತ್ತಿಲ್ಲ. ಅಮ್ಮ ಸೋಫಾದಿಂದ ಬಾಗಿಲಿಗೆ ಏಳು ಹೆಜ್ಜೆ. ಹೋದ ವಾರವೂ ಏಳೇ.


ಏಪ್ರಿಲ್ ೨೦, ಸೋಮವಾರ

ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನಲ್ಲಿ ನನ್ನದು ಎರಡನೇ ನಂಬರ್. ಯಾರಿಗೂ ಹೇಳಿಲ್ಲ. ಅಪ್ಪ ಕೇಳಿದರೆ ‘ಸ್ಟಡಿ ಹಾಲಿಡೇಸ್’ ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಕ್ಲಾಸಿನಲ್ಲಿ ಕೂತರೆ ಎದೆ ಡಬಡಬ ಹೊಡೆದುಕೊಳ್ಳುತ್ತದೆ, ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನಿಸುತ್ತದೆ. ಇಲ್ಲಿ, ಬಿದಿರಿನ ಬುಡದಲ್ಲಿ, ಕೈಗೆ ಕೆಲಸವಿದೆ. ಪರದೆ ನನಗಲ್ಲ, ಅಮ್ಮನಿಗೆ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ಇವತ್ತು ನೀರು ಹಾಕುವಾಗ ಮೇಲಿನಿಂದ ಒಬ್ಬಾಕೆ ಕೂಗಿದರು. ಕೊರಳಲ್ಲಿ ಅಳತೆ ಟೇಪು ನೇತು ಹಾಕಿಕೊಂಡ ಸೂಪರ್‌ವೈಸರ್. “ಏನಮ್ಮಾ, ಮಿಸ್ ಹೇಗಿದಾರೆ? ನೀನು ಮಿಸ್ ಮಗಳಲ್ವಾ? ಹಾಸ್ಟೆಲ್‌ನಲ್ಲಿ ಇದ್ದೋಳು?”

“ಚೆನ್ನಾಗಿದಾರೆ,” ಅಂದು ಒಳಗೆ ಓಡಿದೆ.

ಅವರೆಲ್ಲರಿಗೂ ಅಮ್ಮ ಗೊತ್ತು. ಅಮ್ಮ ಓಡುವುದನ್ನು ನೋಡಿದ್ದಾರೆ, ಬೈಯುವುದನ್ನು ಕೇಳಿದ್ದಾರೆ, ಮಂಡಿ ತರಚಿದರೆ ಅಮ್ಮನ ಕೈಯಿಂದ ಟಿಂಚರ್ ಹಚ್ಚಿಸಿಕೊಂಡಿದ್ದಾರೆ. ನನಗೆ ಹತ್ತು ವರ್ಷವಾದಾಗ ‘ಅಮ್ಮ ಟೀಚರ್ ಆಗಿರೋ ಶಾಲೇಲಿ ಮಗಳು ಹಾಳಾಗ್ತಾಳೆ, ಬೇಗ ಗಟ್ಟಿಯಾಗಲಿ’ ಅಂತ ದೂರದ ಹಾಸ್ಟೆಲಿಗೆ ಹಾಕಿದರು. ನನ್ನ ಮಂಡಿಗೆ ಟಿಂಚರ್ ಹಚ್ಚಿದವಳು ಆಯಾ.

ಆ ಕಿಟಕಿಗಳು ಬೇಗ ಮುಚ್ಚಲಿ. ಪೂರ್ತಿ ಮುಚ್ಚಲಿ.


ಮೇ ೧೧, ಸೋಮವಾರ

ಪರೀಕ್ಷೆ ಇತ್ತು. ಕಾಲೇಜಿನ ಗೇಟಿನ ತನಕ ಹೋದೆ. ಶಾರ್ಟೇಜಿನವರಿಗೆ ಹಾಲ್‌ಟಿಕೆಟ್ ಇಲ್ಲ. ಅದೆಲ್ಲಿ ಅಂತ ವಾಚ್‌ಮನ್ ಎಲ್ಲರೆದುರು ಕೇಳುತ್ತಾನೆ ಅಂತ ನೆನಪಾಗಿ ಅಲ್ಲಿಂದಲೇ ತಿರುಗಿದೆ. ಮೂರು ಗಂಟೆ ಬಸ್ ಸ್ಟಾಪಿನಲ್ಲಿ ಕೂತು, ಪರೀಕ್ಷೆ ಮುಗಿಸಿದವಳ ಥರ ಮನೆಗೆ ಬಂದೆ. ಅಪ್ಪ ಕೇಳಿದರು, “ಸುಲಭ ಇತ್ತಾ?” ತಲೆಯಾಡಿಸಿದೆ.

ಇನ್ನೊಂದ್ಸಲ ಸರ್ ಇವತ್ತು ಅಮ್ಮನ ಎಡಪಾದ ಹಿಡಿದು ನನಗೆ ತೋರಿಸಿದರು. ಪಾದ ಒಳಕ್ಕೆ ತಿರುಗುತ್ತಿದೆ. ಹಿಮ್ಮಡಿಯ ನರ ಬಿಗಿಯಾಗಿ ಹಗ್ಗದ ಹಾಗಿದೆ. “ಹೀಗೇ ಬಿಟ್ರೆ ಹೀಗೇ ಗಟ್ಟಿಯಾಗತ್ತೆ,” ಅಂದರು. ಅಮ್ಮನಿಗೂ ಕೇಳಿಸಲಿ ಅಂತ ಗಟ್ಟಿಯಾಗಿಯೇ ಅಂದರು.

ನಾನು ಅಮ್ಮನ ಎದುರಿಗೆ ಕೂತು ಕೈ ಮುಗಿದೆ. “ಪ್ಲೀಸ್ ಅಮ್ಮ. ಒಂದು ದಿನ ಬನ್ನಿ. ಭಾನುವಾರ ಬನ್ನಿ, ಕಾರ್ಖಾನೆಗೆ ರಜ.”

“ಭಾನುವಾರನೂ ಓವರ್‌ಟೈಮ್ ಮಾಡ್ತಾರೆ. ನನಗೆ ಸದ್ದು ಕೇಳ್ಸಲ್ವಾ?”

“ನೋಡಿದ್ರೆ ಏನಾಗತ್ತೆ?”

“ನಿನಗೇನಾಗತ್ತೆ ನೋಡಿದ್ರೆ? ನೀನು ಯಾಕೆ ತಲೆ ಬಗ್ಗಿಸಿ ನೀರು ಹಾಕ್ತೀಯ?”

ಅಮ್ಮನ ಮನೆಯಲ್ಲಿ ಅಮ್ಮನ ಮಾತೇ ಕೊನೆ.

ಒಂಬತ್ತು ಗಿಡ, ಒಂದು ಕಳಲೆ ಇಲ್ಲ. ಎಪ್ಪತ್ತೊಂಬತ್ತು ದಿನ ಉಳಿದಿದೆ.


ಮೇ ೧೨, ಮಂಗಳವಾರ

ಬುಡದ ಮಣ್ಣು ಕೆದಕಿ ನೋಡಿದೆ. ಏನೂ ಇಲ್ಲ. ಮತ್ತೆ ಮುಚ್ಚಿದೆ.


ಜೂನ್ ೯, ಮಂಗಳವಾರ

ಬಂತು! ನಾಲ್ಕು ದಿನದ ಮಳೆ ನಿಂತು ಬಿಸಿಲು ಬಿದ್ದ ಕೂಡಲೇ ಐದನೇ ಮೆಳೆಯ ಬುಡದಲ್ಲಿ ನೆಲ ಬಿರಿದು ಒಂದು ಮೊನೆ. ಮೊದಲು ಯಾವುದೋ ಪ್ರಾಣಿಯ ಕೊಂಬು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕನೆಯದರಲ್ಲಿ ಎರಡು, ಆರರಲ್ಲಿ ಮೂರು. ಕಂದು ಬಣ್ಣದ ಪೊರೆ ಸುತ್ತಿಕೊಂಡು, ಮೇಲೆ ಸಣ್ಣ ಸಣ್ಣ ರೋಮ. ಮುಟ್ಟಿದರೆ ಚುಚ್ಚುತ್ತದೆ.

ಒಳಗೆ ಓಡಿ ಅಮ್ಮನಿಗೆ ಹೇಳಿದೆ. ಅಮ್ಮ ಆಗ ನನ್ನ ಸೂಟ್‌ಕೇಸಿನ ಮೇಲೆ ಎಡಗಾಲಿಟ್ಟು ಇಳಿಸುವ ಅಭ್ಯಾಸ ಮಾಡುತ್ತಿದ್ದರು. ಸ್ಟೂಲು ಎತ್ತರವಾಯಿತು ಅಂತ ಇನ್ನೊಂದ್ಸಲ ಸರ್ ನನ್ನ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದು ಹಾಕಿದ್ದಾರೆ. ಅದರ ಬಟ್ಟೆಗಳನ್ನೆಲ್ಲ ಅತ್ತೆ ಬೀರುವಿಗೆ ತುರುಕಿದರು. “ಬಂದು ಹತ್ತು ತಿಂಗಳಾಯ್ತು, ಇನ್ನೂ ಗಂಟುಮೂಟೆ ಬಿಚ್ಚಿಲ್ಲ ಮಹಾರಾಣಿ.”

“ಎಷ್ಟಿದೆ?” ಅಮ್ಮ ಕೇಳಿದರು.

“ಒಂದು ಗೇಣು.”

“ಬೆಳೀಲಿ. ಕಿಟಕಿ ಮುಚ್ಚಿದ ದಿನ ಬರ್ತೀನಿ. ಮಾತು ಅಂದ್ರೆ ಮಾತು.”

ಐವತ್ತು ದಿನ ಇದೆ. ಆಗುತ್ತದೆ. ಆಗುತ್ತದೆ.


ಜೂನ್ ೧೪, ಭಾನುವಾರ

ಐದನೆಯದರ ದೊಡ್ಡ ಕಳಲೆ ದಿನಕ್ಕೆ ನಾಲ್ಕು ಇಂಚು ಏರುತ್ತಿದೆ. ಒಟ್ಟು ಹತ್ತೊಂಬತ್ತು ಕಳಲೆ. ಅಮ್ಮ ಪ್ರತಿ ಸಂಜೆ “ಎಷ್ಟು?” ಅನ್ನುತ್ತಾರೆ. ಸ್ಕೇಲಿನಲ್ಲಿ ಅಳೆದು ಹೇಳುತ್ತೇನೆ.


ಜೂನ್ ೨೧, ಭಾನುವಾರ

ನಿಧಾನವಾಗುತ್ತಿದೆ ಅನ್ನಿಸುತ್ತಿದೆ. ನಿನ್ನೆ ಮೂರೂವರೆ. ಇವತ್ತು ಮೂರು. ಹೀಗೇ ಇಳಿದರೆ ಜುಲೈ ೨೯ಕ್ಕೆ ಒಂಬತ್ತಡಿಯೂ ಆಗುವುದಿಲ್ಲ. ಲೆಕ್ಕ ನಾಲ್ಕು ಸಲ ಮಾಡಿದೆ.

ಒಂದು ವಿಷಯ ಗಮನಿಸಿದೆ. ನೆಟ್ಟಾಗಲೇ ಇದ್ದ ಹಳೇ ಗಳಗಳಿಗೆ ಪೊರೆ ಇಲ್ಲ, ಅವು ಉದ್ದ. ಹೊಸವಕ್ಕೆ ಪ್ರತಿ ಗೆಣ್ಣಿಗೂ ಪೊರೆ ಬಿಗಿದು ಅಂಟಿದೆ, ಬೆರಳಿನ ಉಗುರು ಕೂಡ ಹೋಗದಷ್ಟು. ನೋಡುತ್ತಾ ನನಗೇ ಉಸಿರು ಕಟ್ಟಿದ ಹಾಗಾಯಿತು. ಹಾಸ್ಟೆಲಿನಲ್ಲಿ ವರ್ಷಕ್ಕೆ ಒಂದೇ ಯೂನಿಫಾರ್ಮ್. ಡಿಸೆಂಬರಿನ ಹೊತ್ತಿಗೆ ಕಂಕುಳಲ್ಲಿ ಕತ್ತರಿಸುತ್ತಿತ್ತು, ಕೈ ಎತ್ತಲಾಗುತ್ತಿರಲಿಲ್ಲ.

ಐದನೇ ಮೆಳೆಯ ಒಂದು ಕಳಲೆಯ ಪೊರೆ ಬಿಡಿಸಿದೆ. ಒಳಗೆ ತೆಳುಹಸಿರು, ಮಗುವಿನ ಮೈಯಷ್ಟು ನುಣುಪು, ತೇವ. ಖಂಡಿತ ಇದಕ್ಕೆ ಹಾಯೆನಿಸಿರಬೇಕು.


ಜೂನ್ ೨೪, ಬುಧವಾರ

ನಾಲ್ಕು, ಐದು, ಆರು, ಏಳು, ನಾಲ್ಕೂ ಮೆಳೆಯ ಹನ್ನೊಂದು ಕಳಲೆಗಳನ್ನೂ ಬಿಡಿಸಿ ಮುಗಿಸಿದೆ. ನಡುವಿನ ಕಿಟಕಿಗಳೇ ಮುಖ್ಯ, ಅಂಚಿನವು ಆಮೇಲೆ ಆದೀತು. ಬೆರಳೆಲ್ಲ ರೋಮ ಚುಚ್ಚಿ ಊದಿಕೊಂಡಿವೆ, ಪೆನ್ನು ಹಿಡಿಯಲು ಕಷ್ಟ. ಅತ್ತೆ ಬೆರಳು ನೋಡಿ ಬೈದುಕೊಂಡೇ ಚಿಮುಟದಲ್ಲಿ ಒಂದೊಂದಾಗಿ ಕಿತ್ತರು.


ಜೂನ್ ೨೮, ಭಾನುವಾರ

ಬಿಡಿಸಿದವು ನಿಂತಿವೆ. ಒಂದು ಇಂಚೂ ಇಲ್ಲ. ಬಿಡಿಸದವು ಏರುತ್ತಿವೆ.

ಅಮ್ಮ “ಎಷ್ಟು?” ಅಂದರು. “ನಾಲ್ಕು ಇಂಚು,” ಅಂದೆ.


ಜುಲೈ ೧, ಬುಧವಾರ

ನರ್ಸರಿಗೆ ಹೋದೆ. ಪೊರೆಯ ಒಂದು ತುಂಡು ಕೈಯಲ್ಲಿತ್ತು. ನರ್ಸರಿಯಮ್ಮ ಅದನ್ನು ನೋಡಿದ ಕೂಡಲೇ ಎದ್ದು ನಿಂತರು.

“ಇದು ಉದುರಿದ್ದಲ್ಲ. ಕಿತ್ತಿದ್ದು. ಯಾರು ಕಿತ್ತಿದ್ದು?”

“ಬಿಗಿ ಇತ್ತು. ಬೇಗ ಬೆಳೀಲಿ ಅಂತ...”

“ಅಯ್ಯೋ ನಿನ್ನ! ಅದು ಬಿಗಿ ಅಲ್ಲ ಕಣೇ, ಅದು ಊರುಗೋಲು. ಒಳಗಿನ ಎಳೇದು ಎದ್ದು ನಿಲ್ಲೋತನಕ ಪೊರೆನೇ ಅದಕ್ಕೆ ಮೂಳೆ. ಗಟ್ಟಿಯಾದ ಮೇಲೆ ತಾನೇ ಬಿಚ್ಕೊಳತ್ತೆ. ಎಷ್ಟು ಕಿತ್ತೆ?”

“ಹನ್ನೊಂದು.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅವು ಇನ್ನು ಏಳಲ್ಲ,” ಅಂದರು. “ಕೊಳೀತವೆ, ಇಲ್ಲ ಕುಳ್ಳಗೇ ಉಳೀತವೆ. ಮುಂದಿನ ಮಳೆಗೆ ಹೊಸದು ಬರತ್ತೆ ಬಿಡು.”

ಮುಂದಿನ ಮಳೆ! ಮುಂದಿನ ಮಳೆಗೆ ಅಮ್ಮನ ಕಾಲು ಮರವಾಗಿರುತ್ತದೆ.

ಪರೀಕ್ಷೆ ಬರೆದಿಲ್ಲ. ಹೇಳಿಲ್ಲ. ಬಿದಿರು ಕೊಂದೆ. ಹೇಳಿಲ್ಲ. ಹಾಸ್ಟೆಲಿಗೆ ವಾಪಸ್ ಹೋಗಲು ಆಗುತ್ತದೆಯೇ, ಯಾವುದಾದರೂ ಹಾಸ್ಟೆಲ್, ಬೆಲ್ ಇರುವ ಎಲ್ಲಾದರೂ


ಜುಲೈ ೨, ಗುರುವಾರ

ಇದನ್ನು ಸರಿಯಾಗಿ, ಆದ ಕ್ರಮದಲ್ಲೇ ಬರೆಯಬೇಕು.

ಬೆಳಿಗ್ಗೆ ಅಪ್ಪ ಕೆಲಸಕ್ಕೆ, ಅತ್ತೆ ತರಕಾರಿಗೆ. ನಾನು ಹಿತ್ತಿಲಿಗೆ ಹೋದೆ. ಐದನೇ ಮೆಳೆಯ ದೊಡ್ಡ ಕಳಲೆಯ ತುದಿ ಕಪ್ಪಾಗಿತ್ತು. ಮುಟ್ಟಿದೆ. ಮೇಲಿನ ಅರ್ಧ ಕೈಗೇ ಬಂತು, ನೀರು ಸೋರುತ್ತಾ, ಹುಳಿ ವಾಸನೆ. ಅದನ್ನು ಹಿಡಿದುಕೊಂಡು ಕೆಸರಲ್ಲೇ ಕೂತೆ. ಏಳಲು ಆಗಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ, ಆದರೂ ಆಗಲಿಲ್ಲ.

ವಿಸಲ್ ಕೇಳಿಸಿತು. ಎರಡು ಸಲ. ಬಾತ್‌ರೂಮ್.

ನಾನು ಏಳಲಿಲ್ಲ. ಮೊದಲ ಸಲ ಹೀಗಾದದ್ದು. ಕೇಳಿಸಿತು, ಅರ್ಥವೂ ಆಯಿತು, ಅದು ಬೇರೆ ಯಾರನ್ನೋ ಕರೆಯುತ್ತಿದೆ ಅನ್ನುವ ಹಾಗಿತ್ತು. ಮತ್ತೆ ಎರಡು ಸಲ. ಆಮೇಲೆ ಮೂರು. ಆಮೇಲೆ ಒಂದು ಉದ್ದದ್ದು, ಉಸಿರು ಮುಗಿಯುವ ತನಕ. ಆಮೇಲೆ ಏನೂ ಇಲ್ಲ. ನಾನು ಮಂಡಿಯ ನಡುವೆ ತಲೆ ಇಟ್ಟುಕೊಂಡೆ.

ಎಷ್ಟು ಹೊತ್ತೋ ಗೊತ್ತಿಲ್ಲ. ನನಗೆ ಮೊದಲು ತಿಳಿದದ್ದು ಮೆಷಿನ್‌ಗಳ ಸದ್ದು. ದಿನವಿಡೀ ಇರುವ ಸದ್ದು ಒಂದೊಂದಾಗಿ ನಿಲ್ಲುತ್ತಾ ಬಂದು, ಮಳೆ ನಿಂತ ಹಾಗೆ ಪೂರ್ತಿ ನಿಂತಿತು. ತಲೆ ಎತ್ತಿದರೆ ಏಳು ಕಿಟಕಿಗಳಲ್ಲೂ ಮುಖಗಳು. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲ ಮೆಟ್ಟಿಲು ಇಳಿದು ಅಮ್ಮ ಬರುತ್ತಿದ್ದಳು. ಬಲಗೈಯಲ್ಲಿ ನಾಲ್ಕು ಕಾಲಿನ ಕೋಲು. ಬರಿಗಾಲು. ಕೋಲು ಊರಿ, ಬಲಗಾಲು ಇಟ್ಟು, ಎಡಗಾಲನ್ನು ಸೊಂಟದಿಂದ ಎತ್ತಿ ಎಸೆದ ಹಾಗೆ ಮುಂದಕ್ಕೆ ತರುತ್ತಿದ್ದಳು. ನೈಟಿ ಸೊಂಟದಿಂದ ಕೆಳಗೆ ಪೂರ್ತಿ ಒದ್ದೆಯಾಗಿತ್ತು. ಎರಡು ಸಲ ಊದಿದ್ದಳಲ್ಲ. ಅದನ್ನು ಮುಚ್ಚಿಕೊಳ್ಳಲು ಅವಳಿಗೆ ಕೈ ಇರಲಿಲ್ಲ, ಇದ್ದ ಒಂದು ಕೈ ಕೋಲಿನ ಮೇಲಿತ್ತು.

ಮೇಲಿನಿಂದ ಯಾರೋ ಕೂಗಿದರು. “ಮಿಸ್! ಮುಂದೆ ಪೈಪಿದೆ, ನೋಡ್ಕೊಂಡು!”

ಅಮ್ಮ ನಿಂತಳು. ತಲೆ ಎತ್ತಲಿಲ್ಲ. “ನೋಡ್ತಾ ಇದೀನಿ. ನೀನು ನಿನ್ನ ಸೂಜಿ ನೋಡು.”

ಪೈಪು ದಾಟಿದಳು. ಅದಕ್ಕೇ ಒಂದು ನಿಮಿಷ ಬೇಕಾಯಿತು.

ಆಗ ಟೇಪಿನಾಕೆಯ ದನಿ ಕೇಳಿತು, ಕಿರಿಚಿದ್ದಲ್ಲ, ಮೆಲ್ಲಗೆ: “ಬನ್ರೇ ಈಕಡೆ. ಎಲ್ಲರೂ.” ಒಂದಾದ ಮೇಲೊಂದು ಏಳು ಕಿಟಕಿಗಳೂ ಖಾಲಿಯಾದವು. ಸ್ವಲ್ಪ ಹೊತ್ತಿಗೆ ಒಂದು ಮೆಷಿನ್, ಆಮೇಲೆ ಎಲ್ಲವೂ, ಮೊದಲಿಗಿಂತ ಜೋರಾಗಿ ಶುರುವಾದವು.

ಅಮ್ಮ ನನ್ನ ಎದುರಿಗೆ ಬಂದು ನಿಂತಳು. ಉಬ್ಬಸ ಬಂದವಳ ಹಾಗೆ ಏದುತ್ತಿದ್ದಳು.

“ಮೂರು ಸಲ ಊದಿದೆ. ಸತ್ತೆಯೇನೋ ಅಂದ್ಕೊಂಡೆ.”

“ಸತ್ತಿಲ್ಲ.”

“ಕಾಣ್ತಿದೆ.”

ನಾನು ಎಲ್ಲ ಹೇಳಿದೆ. ಪೊರೆ, ಹನ್ನೊಂದು, ನಾಲ್ಕು ಇಂಚಿನ ಸುಳ್ಳು, ಪರೀಕ್ಷೆ, ಬಸ್ ಸ್ಟಾಪು, ಒಂದಕ್ಕೊಂದು ಸಂಬಂಧವಿಲ್ಲದೆ, ಅಳುತ್ತಾ. ಅಮ್ಮ ಕೊಳೆತ ಕಳಲೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ನೋಡಿದಳು. ಕೋಲು ಬಿಟ್ಟರೆ ಬೀಳುತ್ತಾಳೆ. ಹಾಗಾಗಿ ಬಗ್ಗಿ ನೋಡಿದಳಷ್ಟೆ.

“ಬೇಗ ಬೆಳೀಲಿ ಅಂತ ಕಿತ್ತೆಯಾ?”

“ಹೂಂ.”

“ನಾನೂ ನಿನ್ನ ಹಾಗೇ... ಹತ್ತು ವರ್ಷಕ್ಕೇ...” ಅಂದು ನಿಲ್ಲಿಸಿದಳು. ಸ್ಟ್ರೋಕ್ ಆದ ಮೇಲೆ ಆಗಾಗ ಹೀಗಾಗುತ್ತದೆ, ವಾಕ್ಯ ಅರ್ಧಕ್ಕೆ ಜಾರಿ ಹೋಗುತ್ತದೆ.

ಆಮೇಲೆ “ಏಳು,” ಅಂದಳು. “ನನ್ನ ಕೈಲಿ ನಿನ್ನ ಎಬ್ಬಿಸೋಕೆ ಆಗಲ್ಲ. ನೀನೇ ಏಳಬೇಕು. ನನಗೆ ಚಳಿ ಆಗ್ತಿದೆ.”

ಎದ್ದೆ. ಅವಳ ಎಡಗಡೆ ನಿಂತು ಸೊಂಟ ಹಿಡಿದೆ. ವಾಪಸ್ ಹೋಗುವಾಗ ಎಣಿಸಿದೆ: ಮೂವತ್ತೊಂದು ಹೆಜ್ಜೆ. ಬಿಸಿನೀರಲ್ಲಿ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ ಮಲಗಿಸಿದೆ. ಅವಳ ಎಡಮಂಡಿ ಮೆಟ್ಟಿಲಿಗೆ ತಾಗಿ ತರಚಿತ್ತು. ಡೆಟಾಲ್ ಹಚ್ಚಿದೆ. “ಉರಿಯತ್ತೆ ಕಣೇ,” ಅಂದಳು. “ಸುಮ್ನಿರು,” ಅಂದೆ.

ಎಡಮಂಡಿ. ಉರಿ ಗೊತ್ತಾಯಿತಲ್ಲ. ಇನ್ನೊಂದ್ಸಲ ಸರ್‌ಗೆ ಹೇಳಬೇಕು.


ಜುಲೈ ೩, ಶುಕ್ರವಾರ

ಟೇಪಿನಾಕೆ ಮನೆಗೇ ಬಂದಿದ್ದರು. ಅಮ್ಮನ ಎದುರು ಕೂರದೆ, ಕೈ ಕಟ್ಟಿ ನಿಂತೇ ಇದ್ದರು.

“ಮಿಸ್, ನಿನ್ನೆ ತನಕ ನಮಗೆ ಗೊತ್ತಾಗಿರಲಿಲ್ಲ. ನೀವು ಹೊರಗೆ ಬರದೇ ಇರೋದು ನಮ್ಮ ಕಿಟಕಿಗಳಿಂದ ಅಂತ. ಪರದೆ ಹೊಲಿದು ಹಾಕ್ತೀವಿ. ಎಷ್ಟರದ್ದು, ಐದು ನಿಮಿಷದ ಕೆಲಸ.”

ಐದು ನಿಮಿಷ. ನಾನು ಬಾಗಿಲ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಒಂಬತ್ತು ಗಿಡ, ನಾಲ್ಕು ತಿಂಗಳು, ಒಂದು ಪರೀಕ್ಷೆ. ಮೂವತ್ತು ಹೊಲಿಗೆ ಮೆಷಿನ್ ಇರುವವರನ್ನು ಒಂದು ಪರದೆ ಕೇಳಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅತ್ತೆಗೆ ಕೂಡ.

“ಗಾಳಿ ಬೆಳಕು ಇಲ್ದೆ ಎಂಟು ಗಂಟೆ ಹೊಲೀತೀರಾ?” ಅಮ್ಮ ಅಂದಳು. “ಪರದೆ ಬೇಡ. ನೀನೇನೇ ಹೀಗೆ ಗೂನು ಬಿದ್ದಿದೀಯ? ನೂರು ಮೀಟರ್‌ನಲ್ಲಿ ಫಸ್ಟ್ ಬರ್ತಿದ್ದೋಳು. ಬೆನ್ನು ನೆಟ್ಟಗೆ ಮಾಡು.”

ಟೇಪಿನಾಕೆ ಅಲ್ಲೇ ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ಅತ್ತರು.


ಜುಲೈ ೧೧, ಶನಿವಾರ

ಅಪ್ಪನಿಗೆ ಪರೀಕ್ಷೆಯ ವಿಷಯ ಹೇಳಿದೆ. ಅಪ್ಪ ಕನ್ನಡಕ ಒರೆಸಿದರು. “ಮಧ್ಯದ ಫ್ಲೋರ್‌ನಲ್ಲಿ ಸಿಕ್ಕಿಹಾಕ್ಕೊಂಡೋರು ಮೊದಲು ಅಲಾರಂ ಒತ್ತಬೇಕು ಮಗಾ,” ಅಂದರು, ಅಷ್ಟೆ. ಸೋಮವಾರ ಕಾಲೇಜಿಗೆ ಬರುತ್ತಾರಂತೆ.

ಅಮ್ಮ ಹಿತ್ತಿಲಲ್ಲಿ ಗೋಡೆಯುದ್ದಕ್ಕೂ ಒಂದು ಸುತ್ತು. ಎರಡು ಸಲ ಬೀಳುವುದರಲ್ಲಿದ್ದಳು. ಅಂಚಿನ ಕಡೆ ಬಿದಿರು ಇರುವಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾಳೆ. ಕೆಲವು ದಿನ ಅಲ್ಲಿಂದ ಮುಂದೆ ಬರುವುದೇ ಇಲ್ಲ, “ಇವತ್ತು ಬೇಡ, ನೋಡ್ತಿದಾರೆ,” ಅಂದು ಅಳುತ್ತಾಳೆ. ಆಗ ನಾನು ಕಿಟಕಿಗಳ ಕಡೆಯಿಂದ ನಡೆಯುತ್ತೇನೆ, ಅವಳು ಗೋಡೆಯಿಂದ ದೂರ. ನಾನು ಅಷ್ಟೇನೂ ದಪ್ಪ ಇಲ್ಲ, ಆದರೂ ಸ್ವಲ್ಪ ಮರೆಯಾಗುತ್ತದೆ.


ಜುಲೈ ೨೯, ಬುಧವಾರ

ಆರು ತಿಂಗಳು. ಕ್ಯಾಲೆಂಡರಿನ ಸುತ್ತು ಬೆಳಿಗ್ಗೆಯಿಂದ ಹತ್ತು ಸಲ ನೋಡಿದೆ. ಇನ್ನೊಂದ್ಸಲ ಸರ್ ಎಲ್ಲ ಪರೀಕ್ಷಿಸಿದರು. ಪಾದ ಮುಕ್ಕಾಲು ಪಾಲು ನೇರವಾಗಿದೆ. ಇನ್ನೂರು ಹೆಜ್ಜೆ, ಕೋಲಿನ ಜೊತೆ. ಎಡಗೈ ಬಂದಿಲ್ಲ.

“ಕೈ ಬರತ್ತಾ ಸರ್?” ಕೇಳಿದೆ.

“ಬರೋದಾದ್ರೆ ಇಷ್ಟೊತ್ತಿಗೆ ಬೆರಳಾದ್ರೂ ಆಡಬೇಕಿತ್ತಮ್ಮ.”

ಮಾರ್ಚ್‌ನಲ್ಲೇ ಹೊರಗೆ ಬಂದಿದ್ದರೆ? ನಾನು ಪೊರೆ ಕೀಳದಿದ್ದರೆ? ಬಿದಿರಿನ ಬದಲು ಪರದೆ ಕೇಳಿದ್ದರೆ? ಇವನ್ನು ಸರ್‌ಗೆ ಕೇಳಲಿಲ್ಲ. ಅವರು ಹೋದ ಮೇಲೆ ಅಮ್ಮ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು, ಬೇರೆಯವರ ಮಗುವನ್ನು ಇಟ್ಟುಕೊಂಡ ಹಾಗೆ.


ಸೆಪ್ಟೆಂಬರ್ ೧೮, ಶುಕ್ರವಾರ

ತುಂಬಾ ದಿನ ಬರೆದಿಲ್ಲ. ಮತ್ತೆ ಫಸ್ಟ್ ಇಯರ್, ಅದೇ ಬೆಂಚು, ಹೊಸ ಹುಡುಗಿಯರು. ಹಿಂದಿನಿಂದ ನೋಡುತ್ತಾರೆ ಅನ್ನುವುದು ಹೋಗಿಲ್ಲ. ನೋಡಿಕೊಳ್ಳಲಿ ಅಂತ ಕೆಲವು ದಿನ ಅನ್ನಿಸುತ್ತದೆ, ಕೆಲವು ದಿನ ಮೊದಲ ಪೀರಿಯಡ್ಡಿಗೇ ಎದ್ದು ಬರುತ್ತೇನೆ. ಇವತ್ತು ಎದ್ದು ಬಂದ ದಿನ.

ನಮ್ಮ ಹಿತ್ತಿಲಿನ ಎರಡೂ ಅಂಚಿನಲ್ಲಿ ಬಿದಿರು ಹನ್ನೆರಡಡಿ ದಾಟಿದೆ. ಎರಡು ಕಿಟಕಿ ಈಕಡೆ, ಎರಡು ಆಕಡೆ, ಕಾಣುವುದೇ ಇಲ್ಲ. ನಡುವೆ ನಾನು ಕಿತ್ತ ನಾಲ್ಕು ಮೆಳೆ ಕುಳ್ಳಗೆ, ಹಲ್ಲು ಬಿದ್ದ ಬಾಯಿಯ ಹಾಗೆ. ಅಲ್ಲಿ ಮೂರು ಕಿಟಕಿ ಸರಿಯಾಗಿ ಕಾಣುತ್ತವೆ. ನಾಲ್ಕು ಗಂಟೆಗೆ ಕಾರ್ಖಾನೆಯಲ್ಲಿ ಟೀ ಬ್ರೇಕ್. ಆ ಹೊತ್ತಿಗೆ ಅಮ್ಮ ಆ ಸಂದಿಯ ಎದುರು ಹೋಗಿ ನಿಲ್ಲುತ್ತಾಳೆ, ವಿಸಲ್ ಊದುತ್ತಾಳೆ. ಮೂರು ಕಿಟಕಿಗಳಲ್ಲಿ ಮೂವತ್ತು ಜನ ತುಂಬಿಕೊಳ್ಳುತ್ತಾರೆ. “ಕತ್ತು ಎಡಕ್ಕೆ. ಬಲಕ್ಕೆ. ಭುಜ ಮೇಲೆ. ಏ ಮೂಲೇಲಿ ಇರೋಳೇ, ಟೀ ಲೋಟ ಕೆಳಗಿಡು!” ಭುಜ ಮೇಲೆ ಅನ್ನುವಾಗ ಅವಳದು ಒಂದೇ ಏಳುತ್ತದೆ. ಮೊದಮೊದಲು ಅವರೂ ಒಂದೇ ಎತ್ತುತ್ತಿದ್ದರು, ಪಾಪ. ಅಮ್ಮ ಬೈದ ಮೇಲೆ ಎರಡೂ ಎತ್ತುತ್ತಾರೆ.

ಇವತ್ತು ಸಂಜೆ ಐದನೇ ಮೆಳೆಯ ಬುಡದಲ್ಲಿ ಹೊಸ ಕಳಲೆ ನೋಡಿದೆ. ತಡವಾಗಿ ಬಂದದ್ದು. ಹೆಬ್ಬೆರಳ ದಪ್ಪ, ಪೊರೆ ತುಂಬಾ ಬಿಗಿ. ಕೈ ಹಿಂದೆ ಕಟ್ಟಿಕೊಂಡು ನೋಡಿದೆ.

ಅಮ್ಮನೂ ಕೋಲೂರಿ ಬಂದು ನೋಡಿದಳು. “ಇದು ಬೆಳೆದ್ರೆ ನಡುವಿನ ಕಿಟಕಿ ಮುಚ್ಚಿಹೋಗತ್ತಲ್ಲೇ.”

“ಮುಚ್ಚತ್ತೆ. ಈಗಲೇ ಕಿತ್ತುಬಿಡಲಾ?”

“ಬೇಡ,” ಅಂದಳು. “ಮೊದಲು ಬೆಳೀಲಿ. ಆಮೇಲೆ ಬೇಕಾದ್ರೆ ಸವರೋಣ.”

ಬರೆಯುತ್ತಿರುವಾಗಲೇ ಒಳಗಿಂದ ವಿಸಲ್. ಒಂದು ಸಲ. ನೀರು.

“ಬಂದೆ ಇರಮ್ಮಾ,” ಅಂತ ಇಲ್ಲಿಂದಲೇ ಕೂಗಿದೆ. ಈ ಸಾಲು ಮುಗಿಸಿ ಹೋಗುತ್ತೇನೆ.